ಸೀಬೆ ಕಡ್ಡಿ

ಹೊಳೆದಂಡೆಯ ಮಠದಲ್ಲಿ ಒಬ್ಬ ಮುದುಕ ಗುರುಗಳಿದ್ದರು. ಎಲ್ಲರೂ ಅವರನ್ನು ಅಜ್ಜಯ್ಯ ಎನ್ನುತ್ತಿದ್ದರು. ಅಲ್ಲಿ ದಿನವೂ ಶಿಷ್ಯರು ಒಟ್ಟಾಗಿ ಗ್ರಂಥ ಓದುವರು. ಹುಣ್ಣಿಮೆಯ ಬೆಳಿಗ್ಗೆ ಮಾತ್ರ ಒಬ್ಬೊಬ್ಬರೇ ಎದ್ದು ನಿಂತು ಓದಬೇಕು.

ಹೊಸದಾಗಿ ಸೇರಿದ್ದ ಹೊನ್ನಿಗೆ ಅಕ್ಷರ ಬಾರದು. ಹೇಳಿಕೊಳ್ಳಲು ಅಭಿಮಾನ ಅಡ್ಡ ಬಂತು. ಓದುವಾಗ ಪಕ್ಕದಲ್ಲಿ ಕೂರುವ ಕೆಂಪಕ್ಕನ ತುಟಿ ನೋಡಿ ತಾನೂ ತುಟಿ ಆಡಿಸುತ್ತಿದ್ದಳು.

ನಾಳೆ ಹುಣ್ಣಿಮೆ ಎನ್ನುವಾಗ ಅವಳು ಸೀಬೆಮರದ ಒಣಕಡ್ಡಿಗಳನ್ನು ಒಲೆಯ ಮುಂದೆ ಹಾಕಿ ಹೇಳಿದಳು:

"ಅಜ್ಜಯ್ಯ, ನಾನು ಊರಿಗೆ ಹೋಗುತ್ತೇನೆ."

"ಯಾಕವ್ವ?"

"ಮನೆ ನೆನಪಾಗಿದೆ."

ಅಜ್ಜಯ್ಯ ಒಲೆಯ ಕಡೆ ಬಾಗಿದರು. ರಾಶಿಯಿಂದ ಒಂದು ಕಡ್ಡಿ ಎತ್ತಿ ಹಸಿರು ಸೀಬೆಯೆಲೆಯ ಮೇಲಿಟ್ಟರು.

ಹೊನ್ನಿ ನಕ್ಕಳು. "ಕಡ್ಡಿಗೆ ಊಟ ಬಡಿಸುತ್ತೀರಾ? ಕಣ್ಣು ಮಂಜಾಯಿತೇ ಅಜ್ಜಯ್ಯ?"

"ಸ್ವಲ್ಪ ಕೂತುಕೋ."

ಕೂತಳು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಕಡ್ಡಿ ಬೆನ್ನು ಬಾಗಿಸಿತು. ನಡೆಯಿತು. ಎಲೆಯ ಅಂಚನ್ನು ಕಚ್ಚಿತು.

"ಅಯ್ಯೋ, ಹುಳ! ಒಲೆಗೆ ಹಾಕಿಬಿಡುತ್ತಿದ್ದೆನಲ್ಲ!"

"ಅದು ಅಷ್ಟು ಚೆನ್ನಾಗಿ ಕಡ್ಡಿಯಾಗಿತ್ತು."

"ಮತ್ತೆ ಈಗೇಕೆ ಅಲುಗಾಡಿತು? ಹಕ್ಕಿ ಕಂಡರೆ ಬಿಡುತ್ತದೆಯೇ?"

"ಹಸಿವಾಗಿತ್ತು."

ಹೊನ್ನಿ ಎಲೆಯನ್ನೇ ನೋಡುತ್ತ ಕೂತಳು. ಕೊನೆಗೆ ಮೆಲ್ಲನೆ ಅಂದಳು, "ನನಗೆ ಓದಲು ಬರುವುದಿಲ್ಲ ಅಜ್ಜಯ್ಯ."

"ಗೊತ್ತು. ಮೊನ್ನೆ ಕೆಂಪಕ್ಕ ತಪ್ಪಿ ಎರಡು ಹಾಳೆ ಒಟ್ಟಿಗೆ ತಿರುವಿದಳು. ನೀನೂ ಎರಡು ತಿರುವಿದೆ."

ಹೊನ್ನಿಗೆ ನಗು ತಡೆಯಲಾಗಲಿಲ್ಲ. ಅಜ್ಜಯ್ಯನೂ ಕೆಮ್ಮು ಬರುವಷ್ಟು ನಕ್ಕರು.

"ಗೊತ್ತಿದ್ದೂ ಯಾಕೆ ಕೇಳಲಿಲ್ಲ?"

"ಕಡ್ಡಿಗೆ ಯಾರು ಉಣ್ಣಲಿಕ್ಕೆ ಕರೆಯುತ್ತಾರೆ?"

ಅವರು ಒಲೆಯ ಬೂದಿಯನ್ನು ನೆಲದ ಮೇಲೆ ಹರಡಿ ಎರಡು ಅಕ್ಷರ ಬರೆದರು. ಹೊನ್ನಿ ಅವುಗಳ ಮೇಲೆ ಬೆರಳಾಡಿಸಿದಳು. ಅಳಿಸಿದಳು, ಮತ್ತೆ ಬರೆದಳು. ಊರಿನ ಮಾತು ಮತ್ತೆ ಎತ್ತಲಿಲ್ಲ. ಸಂಜೆಯ ಹೊತ್ತಿಗೆ ಮೊಣಕೈವರೆಗೂ ಬೂದಿ.

ಮರುದಿನ ಅವಳ ಸರದಿ ಬಂತು. ಎದ್ದು ನಿಂತಳು. ಹಾಳೆಯಲ್ಲಿ ಬೆರಳಿಟ್ಟು ಹುಡುಕಿದಳು.

"ಮ... ರ. ಮರ."

ಅಷ್ಟು ಓದಿ, ತಲೆಯೆತ್ತಿ, ಕೂತಳು.

ಕೆಂಪಕ್ಕ ಕಣ್ಣರಳಿಸಿದಳು. "ಅಜ್ಜಯ್ಯ, ಇವಳಿಗೆ ಬರುವುದು ಇಷ್ಟೇನಾ?"

"ನಿನ್ನೆಯಷ್ಟೇ ತಿನ್ನಲು ಶುರುಮಾಡಿದ್ದಾಳೆ," ಎಂದರು ಅಜ್ಜಯ್ಯ. "ನಿನ್ನ ಎಲೆ ಜೋಪಾನ."