ಇಶ್ಮಾರದ ಅರಸ ಕೇಳಿದ ಮೂರು ಒಗಟು

"ಕೇಳಿರಿ, ಪ್ರಜೆಗಳೇ! ಎರಡು ನದಿಗಳ ನಡುವಿನ ಮೂವತ್ತು ಪಟ್ಟಣಗಳ ಒಡೆಯ, ಇಶ್ಮಾರದ ಚಕ್ರವರ್ತಿ ಅಕುರ್ದಾನ ಮಹಾರಾಜರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ಒಂದು ತಪ್ಪಿದರೂ ತಲೆ ಹೋಗುತ್ತದೆ!"

ಮುದಿಮಂತ್ರಿ ಲುಗಾನನ ತಲೆ ಕಡಿಸಿದ ಮರುದಿನ ಬೆಳಿಗ್ಗೆ ಹೀಗೆ ಡಂಗುರ ಸಾರಿದರು. ಲುಗಾನ ಅರಸನಿಗೆ ಅಕ್ಷರ ಕಲಿಸಿದ ಗುರು. ಅವನು ಮಾಡಿದ ತಪ್ಪೇನೆಂದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮೊದಲು ಬಂದವನು ದಕ್ಷಿಣದ ಸಾಮಂತನ ಮಗ ಜಿಮ್ರಾನ. ಹತ್ತೊಂಬತ್ತರ ಹುಡುಗ. ಅರಸ ಮೊದಲ ಒಗಟು ಕೇಳಿದ.

"ಯಾರೂ ಬಿತ್ತದೆ ಹೊಲದಲ್ಲಿ ಬೆಳ್ಳಗೆ ಏಳುತ್ತದೆ. ನೀರು ಹಾಯಿಸಿದಷ್ಟೂ ಹೆಚ್ಚುತ್ತದೆ. ಅದು ಎದ್ದ ನೆಲದಲ್ಲಿ ಇನ್ನೇನೂ ಏಳುವುದಿಲ್ಲ. ಏನದು?"

"ಮಂಜು," ಎಂದ ಜಿಮ್ರಾನ ನಗುತ್ತ.

ಆ ನಗು ಮುಖದಿಂದ ಮಾಸುವ ಮೊದಲೇ ಅವನನ್ನು ಎಳೆದೊಯ್ದರು. ಆಮೇಲೆ ನಕ್ಷತ್ರ ಓದುವ ಪೂಜಾರಿಯೊಬ್ಬ ಬೆಳದಿಂಗಳು ಎಂದ. ಕುದುರೆ ದಂಡಿನ ನಾಯಕ ಕೊಕ್ಕರೆ ಹಿಂಡು ಎಂದ. ಇಬ್ಬರೂ ಸತ್ತರು. ಪ್ರತಿ ಸಲ ತಲೆ ಉರುಳಿದಾಗಲೂ ಅರಸನ ಮುಖದಲ್ಲಿ ಒಂದು ಬಗೆಯ ನೆಮ್ಮದಿ ಕಾಣುತ್ತಿತ್ತು. ಅದನ್ನು ಕಂಡು ಸಭೆ ನಡುಗುತ್ತಿತ್ತು.

ಮಗನನ್ನು ಕಳೆದುಕೊಂಡ ದಕ್ಷಿಣದ ಸಾಮಂತ ಕಪ್ಪದ ಜವೆಗೋದಿ ಕಳಿಸುವುದನ್ನು ನಿಲ್ಲಿಸಿದ. ನಾಯಕನನ್ನು ಕಳೆದುಕೊಂಡ ಸವಾರರು ಕುದುರೆಗಳೊಡನೆ ಊರು ಬಿಟ್ಟರು. ಹೀಗೆ ಹನ್ನೊಂದು ಜನ ಸತ್ತ ಮೇಲೆ ಯಾರೂ ಬರಲಿಲ್ಲ.

ಹನ್ನೆರಡನೆಯವನಾಗಿ ಬಂದವನು ಇದ್ದಿನ, ಇಟ್ಟಿಗೆ ಹಾಕುವವನು. ಇಪ್ಪತ್ತು ವರ್ಷದ ಹಿಂದೆ ಅರಸನ ಸೈನ್ಯ ಬೆಟ್ಟದ ಜನರನ್ನು ಗೆದ್ದು, ಕೋಟೆಗೋಡೆ ಕಟ್ಟಲು ಹಿಡಿದು ತಂದಿತ್ತು. ಆಗ ಅವನು ತಾಯಿಯ ಕಂಕುಳಲ್ಲಿದ್ದ ಕೂಸು. ಗೋಡೆಯ ಕೆಲಸದವರು ಊರು ಬಿಟ್ಟು ಹೋಗುವಂತಿರಲಿಲ್ಲ. ಈಗ ತಾಯಿ ತಾರಾಮ ಹಾಸಿಗೆ ಹಿಡಿದಿದ್ದಳು. ಸಾಯುವ ಮೊದಲು ತನ್ನ ಬೆಟ್ಟವನ್ನೊಮ್ಮೆ ನೋಡಬೇಕು ಎನ್ನುತ್ತಿದ್ದಳು.

ಮೊಣಕಾಲಿನವರೆಗೆ ಕೆಸರು ಮೆತ್ತಿದ್ದ ಅವನನ್ನು ಕಂಡು ಕಾವಲಿನವರು ನಕ್ಕರು. ಅರಸ ನಗಲಿಲ್ಲ. ಅದೇ ಒಗಟು ಕೇಳಿದ.

"ಉಪ್ಪು, ಪ್ರಭು," ಎಂದ ಇದ್ದಿನ. "ನಾವು ಮಣ್ಣು ತರಲು ಹೊಲಗಳಿಗೆ ಹೋಗುತ್ತೇವೆ. ಕಾಲುವೆ ನೀರು ನಿಂತು ನಿಂತು ನೆಲವೆಲ್ಲ ಚೌಳಾಗಿದೆ. ಬೀಳು ಬಿಡಬೇಕಾದ ಹೊಲವನ್ನು ದಂಡಿಗೆ ಕಾಳು ಬೇಕೆಂದು ವರ್ಷ ವರ್ಷವೂ ಬಿತ್ತಿಸಿದರು. ಈಗ ಅಲ್ಲಿ ಹುಲ್ಲೂ ಇಲ್ಲ."

ಅರಸ ಸಿಂಹಾಸನದ ತೋಳನ್ನು ಬಿಗಿಯಾಗಿ ಹಿಡಿದ.

"ದಿನದಿನಕ್ಕೆ ಎತ್ತರವಾಗುತ್ತದೆ. ಅದು ಎತ್ತರವಾದಷ್ಟೂ ಊರು ಸಣ್ಣದಾಗುತ್ತದೆ. ಜನರನ್ನು ಕಾಯಲೆಂದು ಹುಟ್ಟಿ ಜನರನ್ನೇ ತಿನ್ನುತ್ತದೆ. ಏನದು?"

"ನಾವು ಕಟ್ಟುತ್ತಿರುವ ಗೋಡೆ. ನಾವು ಬಂದಾಗ ನಾನೂರು ಮನೆಯವರಿದ್ದೆವು. ಈಗ ನೂರಹತ್ತು. ನನ್ನಪ್ಪ ಉತ್ತರದ ಬುರುಜಿನಿಂದ ಬಿದ್ದ. ಅಣ್ಣ ಇಟ್ಟಿಗೆ ಗೂಡಿನಲ್ಲಿ ಬೆಂದುಹೋದ. ನಿಮ್ಮೂರಿನ ಒಕ್ಕಲುಗಳೂ ಬಿಟ್ಟಿ ಕೆಲಸಕ್ಕೆ ಹೆದರಿ ಒಬ್ಬೊಬ್ಬರಾಗಿ ಓಡಿಹೋಗುತ್ತಿದ್ದಾರೆ."

ಅರಸನ ದನಿ ಕುಗ್ಗಿತ್ತು.

"ಗುಡಿಸಲಿನಲ್ಲಿ ದಿನಕ್ಕೆ ಹತ್ತು ಸಲ ಸಿಗುತ್ತದೆ. ಅರಮನೆಯಲ್ಲಿ ವರ್ಷಕ್ಕೊಮ್ಮೆಯೂ ಸಿಗುವುದಿಲ್ಲ. ಕೊಡುವವರು ಪ್ರೀತಿಯಿಂದ ಕೊಡುತ್ತಾರೆ, ಪಡೆದವರು ಮುಖ ಗಂಟಿಕ್ಕುತ್ತಾರೆ. ಏನದು?"

ಇದ್ದಿನನಿಗೆ ಹೊಳೆಯಲಿಲ್ಲ. ಗಂಜಿಯೇ? ಅದನ್ನು ಪಡೆದು ಯಾರೂ ಮುಖ ಗಂಟಿಕ್ಕುವುದಿಲ್ಲ. ಬೈಗುಳವೇ? ಅದು ಅರಮನೆಯಲ್ಲೂ ಇದೆ. ಕೊಡಲಿ ಹಿಡಿದವನು ಒಂದು ಹೆಜ್ಜೆ ಮುಂದೆ ಬಂದ. ಅರಸನ ಮುಖದಲ್ಲಿ ಮತ್ತೆ ಆ ನೆಮ್ಮದಿ ಇಣುಕಿತು. ಇನ್ನು ಅಮ್ಮನನ್ನು ಯಾರು ನೋಡುತ್ತಾರೆ ಎಂದು ನೆನೆದು ಇದ್ದಿನನ ಕಣ್ಣು ತುಂಬಿತು. ಆಗ ತಲೆಯೆತ್ತಿದ.

"ಬೇಡ," ಎಂದ.

"ಏನೆಂದೆ?"

"ಬೇಡ ಅನ್ನುವ ಮಾತು, ಪ್ರಭು. ಇವತ್ತು ಹೊರಡುವಾಗ ನಮ್ಮವ್ವ ನನ್ನ ಪಂಚೆಯ ಚುಂಗು ಹಿಡಿದು ಬೇಡ ಮಗಾ, ಬೇಡ ಅಂದಳು. ಸಿಡುಕಿ ಬಿಡಿಸಿಕೊಂಡು ಬಂದೆ. ನಿಮಗೆ ಬೇಡ ಎಂದು ಹೇಳುವವರು ಇಲ್ಲಿ ಯಾರೂ ಇಲ್ಲ."

ಅರಸ ಎದ್ದು ನಿಂತವನು ಹಾಗೆಯೇ ಕುಸಿದು ಕೂತ.

"ಒಬ್ಬನಿದ್ದ," ಎಂದ. "ಲುಗಾನ. ಈ ಒಗಟುಗಳೂ ಅವನವೇ. ಚಿಕ್ಕಂದಿನಿಂದ ಒಗಟು ಹೇಳಿಯೇ ಕಲಿಸುತ್ತಿದ್ದ. ಒಳಮನೆಯಲ್ಲಿ ನಾನೊಬ್ಬನೇ ಇದ್ದಾಗ ಮೂರನ್ನೂ ಕೇಳಿ, ತಾನೇ ಬಿಡಿಸಿದ. ಈ ಮೂರರಿಂದ ನಿನ್ನ ರಾಜ್ಯ ಹೋಗುತ್ತದೆ ಎಂದ. ನಾನು ಸಿಟ್ಟಿನಲ್ಲಿ ಅವನನ್ನು ಕೊಲ್ಲಿಸಿದೆ. ಆಮೇಲೆ ಮನಸ್ಸು ತಡೆಯಲಿಲ್ಲ. ಇನ್ನಾರಿಗೂ ಇದು ಕಾಣದಿದ್ದರೆ ಅವನು ಹೇಳಿದ್ದು ಸುಳ್ಳು ಅಂದುಕೊಂಡೆ. ಹನ್ನೊಂದು ಸಲ ಅವನು ಸುಳ್ಳಾದ."

ಆಮೇಲೆ ಇದ್ದಿನನ ಕಡೆ ತಿರುಗಿ, "ಏನು ಬೇಕೋ ಕೇಳು" ಎಂದ.

"ಗೋಡೆಯ ಕೆಲಸದವರನ್ನೆಲ್ಲ ಬಿಟ್ಟುಬಿಡಿ. ಅವರವರ ನಾಡಿಗೆ ಹೋಗಲಿ."

"ಆಗಲಿ. ಈಗ ನಾನೇನು ಮಾಡಲಿ, ಹೇಳು."

"ಅದು ನನಗೆ ಗೊತ್ತಿಲ್ಲ, ಪ್ರಭು," ಎಂದ ಇದ್ದಿನ. ನಿಜಕ್ಕೂ ಗೊತ್ತಿರಲಿಲ್ಲ.

ಮರುದಿನ ಕೋಟೆಯ ಬಾಗಿಲು ತೆರೆಯಿತು. ಇದ್ದಿನ ತಾಯಿಯನ್ನು ಬೆನ್ನ ಮೇಲೆ ಹೊತ್ತು ನಡೆದ. ಆರನೆಯ ದಿನ ದೂರದಲ್ಲಿ ಬೆಟ್ಟ ನೀಲಿಯಾಗಿ ಕಂಡಿತು. "ಅದೇ," ಎಂದಳು ತಾರಾಮ. ತುಸು ಹೊತ್ತು ನೋಡುತ್ತಿದ್ದು, ಅವನ ಹೆಗಲ ಮೇಲೆ ತಲೆಯಿಟ್ಟಳು. ನೀರು ಕುಡಿಸಲು ಇಳಿಸಿದಾಗ ಉಸಿರಿರಲಿಲ್ಲ. ಅವಳನ್ನು ಬೆಟ್ಟದ ಬುಡದವರೆಗೆ ಹೊತ್ತೊಯ್ದು ಅಲ್ಲಿ ಮಣ್ಣು ಮಾಡಿದ.

ಮೂರನೆಯ ವಸಂತದಲ್ಲಿ ಕುರಿಗಾಹಿಗಳು ಸುದ್ದಿ ತಂದರು. ದಕ್ಷಿಣದವರು ಇಶ್ಮಾರಕ್ಕೆ ನುಗ್ಗಿದರಂತೆ, ಅರಸ ಸತ್ತನಂತೆ, ಏಳು ದಿನ ಊರು ಉರಿಯಿತಂತೆ. ಬೆಟ್ಟದ ಹುಡುಗರು ಕೇಕೆ ಹಾಕಿ ಕುಣಿದರು. ಇದ್ದಿನ ಎದ್ದು ಮನೆಗೆ ಬಂದು ಹೊಸ್ತಿಲ ಮೇಲೆ ಕೂತ.

"ಸಂತೋಷ ಇಲ್ಲವಾ ನಿಮಗೆ?" ಎಂದು ಬೆಟ್ಟದಲ್ಲಿ ಕೈಹಿಡಿದ ಹೆಂಡತಿ ಕೇಳಿದಳು.

"ಗೋಡೆಯ ಪಕ್ಕದ ಬೀದಿಯಲ್ಲಿ ಒಬ್ಬಳು ಹೆಂಗಸಿದ್ದಳು," ಎಂದ. "ನಮ್ಮವ್ವನಿಗೆ ಹುಷಾರಿಲ್ಲದಾಗ ದಿನಾ ರೊಟ್ಟಿ ಕೊಡುತ್ತಿದ್ದಳು. ಅವಳ ಹೆಸರನ್ನೂ ನಾನು ಕೇಳಲಿಲ್ಲ."