ಯಾರು ಕೊಟ್ಟ ಗೋಧಿ?

ಹಳೆಯ ರೋಮಿನಲ್ಲೂ ಪುಕ್ಕಟೆ ರೇಷನ್ ಇತ್ತು, ಗೊತ್ತೇ! ಅಲ್ಲಿ ಗೋಧಿ ಅಳೆಯುವ ಗುಮಾಸ್ತನ ಎದುರಿಗೆ, ಚುನಾವಣೆಗೆ ನಿಂತ ವೆಟ್ಟಿಯಸ್ ಬೆಳ್ಳನೆಯ ನಿಲುವಂಗಿ ತೊಟ್ಟು ಬಂದ.

“ಪ್ರತಿ ಸೇರಿಗೂ ‘ವೆಟ್ಟಿಯಸ್ ಕೊಟ್ಟಿದ್ದು’ ಅಂತ ಕೂಗು. ಇಲ್ಲದಿದ್ದರೆ ಗೆದ್ದ ದಿನವೇ ನಿನ್ನ ಕೆಲಸ ತೆಗೆಸ್ತೀನಿ!”

ಗೋಧಿ ಸರ್ಕಾರದ್ದು. ಕೂಗಿದರೆ ಮೇಲಿನವರು ಚರ್ಮ ಸುಲಿಯುತ್ತಾರೆ, ಕೂಗದಿದ್ದರೆ ಅನ್ನ ಹೋಗುತ್ತದೆ. ಗುಮಾಸ್ತ ಮೂಲೆಯ ಮೂಟೆಯೊಂದನ್ನು ಮುಂದೆಳೆದು ಬಾಯಿ ಬಿಚ್ಚಿದ. ಗಬ್ಬು ನಾತ!

“ಆಗಲಿ ಧಣಿ. ಇದು ಹಡಗಿನಲ್ಲಿ ನೆಂದು ಮುಗ್ಗಿದ ಗೋಧಿ. ಹೋದ ಸಲ ಇಂಥದ್ದು ಕೊಟ್ಟಾಗ ಜನ ಕಲ್ಲು ಹಿಡಿದು, ಕೊಟ್ಟವನು ಯಾರು ಅಂತ ಹುಡುಕಿದರು. ನಿಮ್ಮ ಹೆಸರು ಕೂಗಲೇ?”

“ಅಯ್ಯೋ, ಇದು ಸರ್ಕಾರದ್ದು ಕಣ್ರಪ್ಪಾ, ನಂದಲ್ಲ!” ಎಂದು ಗೋಧಿಗೆ ನಿಂತಿದ್ದ ಇಡೀ ಸಾಲಿಗೆ ಕೇಳುವಂತೆ ತಾನೇ ಕೂಗುತ್ತಾ ವೆಟ್ಟಿಯಸ್ ಓಡಿದ.

ಹಂದಿಗಳಿಗೆಂದು ತೆಗೆದಿಟ್ಟಿದ್ದ ಆ ಒಂದೇ ಮೂಟೆಯನ್ನು ಗುಮಾಸ್ತ ಮತ್ತೆ ಮೂಲೆಗೆ ತಳ್ಳಿ, ಒಳ್ಳೆಯ ಗೋಧಿ ಅಳೆಯತೊಡಗಿದ.