ಸವೆದ ಸೆಲ್ಲಿನ ಪರೀಕ್ಷೆ

ಹುಬ್ಬಳ್ಳಿಯಲ್ಲಿ ಹುಯಿಲಗೋಳ ಎಂಬ ಹಿರಿಯ ಎಂಜಿನಿಯರ್ ಕಿವಿ ಮಷಿನ್ ತಯಾರಿಸುತ್ತಿದ್ದರು. ಅವರ ಕೈಕೆಳಗೆ ಶಶಿಕಲಾ ಎಂಬ ಶಿಷ್ಯೆ ಕೆಲಸ ಕಲಿಯುತ್ತಿದ್ದಳು. ಬಲು ಚುರುಕು. ಒಂದು ದಿನ ಗುರುಗಳು ಅವಳಿಗೆ ಕಷ್ಟದ ಕೆಲಸವೊಂದನ್ನು ಒಪ್ಪಿಸಿದರು.

"ಮಗ್ಗದ ಶೆಡ್ಡಿನಾಗ ದುಡಿಯೋರಿಗೆ ಒಂದು ಮಷಿನ್ ಬೇಕವ್ವಾ. ಸಣ್ಣ ಮಾತು ಬಂದ್ರ ಎತ್ತಿ ಕೊಡಬೇಕು. ಮಗ್ಗದ ಸಪ್ಪಳ ಬಂದ್ರ ತಾನಾಗೇ ತಗ್ಗಬೇಕು. ಇರೋದು ಒಂದು ಗುಂಡಿಯಷ್ಟು ಸೆಲ್. ಒಂದೂವರೆ ವೋಲ್ಟೂ ಇಲ್ಲ. ಅಷ್ಟರಾಗ ಮಾಡಬೇಕು."

ಸದ್ದಿಗೆ ತಕ್ಕಂತೆ ತನ್ನ ಬಲವನ್ನು ಏರಿಸಿ ಇಳಿಸುವ ಆಂಪ್ಲಿಫೈಯರ್ ಅದು. ಶಶಿಕಲಾ ಐದು ತಿಂಗಳು ಪಟ್ಟು ಹಿಡಿದು ಕೂತಳು. ಕೊನೆಗೆ ಅದು ಕೆಲಸ ಮಾಡಿತು.

ಮಷಿನ್ ಕೊಡಬೇಕಾದ ದಿನ ಬೆಳಿಗ್ಗೆ ಅವಳು ಸುಮ್ಮನೆ ಒಂದು ಸವೆದ ಸೆಲ್ ಹಾಕಿ ನೋಡಿದಳು. ಸಣ್ಣ ಸದ್ದು ಚೆನ್ನಾಗಿ ಏರಿತು. ದೊಡ್ಡ ಸದ್ದು ಬಿಟ್ಟಳು. ತಗ್ಗಲೇ ಇಲ್ಲ! ಬಲ ಇಳಿಸುವ ಭಾಗ ಎಚ್ಚರಗೊಳ್ಳಲು ಆ ಸೆಲ್ಲಿನ ಶಕ್ತಿ ಸಾಲುತ್ತಿರಲಿಲ್ಲ.

ಅಷ್ಟರಲ್ಲಿ ಗುರುಗಳು ಬಂದರು. "ಸೆಲ್ ಸವೆದಾಗ ಹೆಂಗ ನಡೀತದ? ನೋಡೀಯೇನು?"

"ನೋಡೀನ್ರಿ ಸರ್. ಛಲೋ ನಡೀತದ," ಎಂದುಬಿಟ್ಟಳು.

ಮಷಿನ್ ಬನಹಟ್ಟಿಯ ನೀಲವ್ವನ ಕೈ ಸೇರಿತು. ಮೂವತ್ತು ವರ್ಷ ಮಗ್ಗದ ನಡುವೆ ನಿಂತು ಅವಳ ಕಿವಿ ಅರ್ಧಕ್ಕಿಂತ ಹೆಚ್ಚು ಹೋಗಿತ್ತು. ಹತ್ತು ದಿನ ಮನೆಯಲ್ಲಿ ಹಾಕಿಕೊಂಡು ರೂಢಿ ಮಾಡಿಕೊಳ್ಳಲಿ, ಆಮೇಲೆ ಶೆಡ್ಡಿನಲ್ಲೇ ಪರೀಕ್ಷೆ ಎಂದು ನಿಗದಿಯಾಯಿತು. ಆ ಹೊತ್ತಿಗೆ ಹೊಸ ಸೆಲ್ ಹಾಕಿದರಾಯಿತು ಎಂದು ಶಶಿಕಲಾ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಹನ್ನೊಂದನೆಯ ದಿನ ಎಲ್ಲರೂ ಶೆಡ್ಡಿನಲ್ಲಿ ಸೇರಿದರು. ಹದಿನಾರು ಮಗ್ಗಗಳು ನಿಂತಿದ್ದವು. ಮಾಲೀಕ ಗುರುಪಾದಪ್ಪ ಸ್ವಿಚ್ಚಿನ ಬಳಿ ನಿಂತಿದ್ದ.

ನೀಲವ್ವ ನಗುತ್ತ ಹೇಳಿದಳು, "ನೀವು ಕೊಟ್ಟಾಗ ಇದ್ದ ಸೆಲ್ಲೇ ಇನ್ನೂ ನಡದೈತಿ ನೋಡ್ರಿ."

ಶಶಿಕಲಾ ಚೀಲದಿಂದ ಹೊಸ ಸೆಲ್ ತೆಗೆದಳು. ಗುರುಗಳು ಕೈ ಅಡ್ಡ ಹಿಡಿದರು. "ಬ್ಯಾಡ. ಸವೆದ ಸೆಲ್ಲಿನ ಮ್ಯಾಲೇ ನೋಡೋಣು. ನೀ ನೋಡೀನಿ ಅಂದೀಯಲ್ಲ, ಹೆದರಿಕಿ ಏನು?"

ಶಶಿಕಲಾ ಹೊಸ ಸೆಲ್ಲನ್ನು ಮುಷ್ಟಿಯಲ್ಲಿ ಹಿಡಿದೇ ಯೋಚಿಸಿದಳು. ಏನಾದರೂ ನೆಪ ಹೇಳಿ ಸೆಲ್ ಬದಲಿಸಿಬಿಡಬಹುದು. ಇವತ್ತಿನ ಮಾನ ಉಳಿಯುತ್ತದೆ. ಆದರೆ ಮುಂದೊಂದು ದಿನ ನೀಲವ್ವ ಒಬ್ಬಳೇ ಇಲ್ಲಿ ನಿಂತಾಗ ಸೆಲ್ ಸವೆಯುತ್ತದೆ. ಆಗ?

ನೀಲವ್ವ ಸೆರಗು ಸರಿಸಿ, ಮಷಿನ್ ಇದ್ದ ಕಿವಿಯನ್ನು ಮಗ್ಗದ ಕಡೆಗೇ ತಿರುಗಿಸಿ ನಿಂತಳು. ಗುರುಪಾದಪ್ಪನ ಕೈ ಮೇಲೆದ್ದಿತು.

"ಬ್ಯಾಡ್ರೀ!" ಶಶಿಕಲಾ ಓಡಿಹೋಗಿ ಆ ಕೈ ಹಿಡಿದಳು. "ಸರ್, ನಾ ಸುಳ್ಳು ಹೇಳೀನ್ರಿ. ಸೆಲ್ ಸವೆದ್ರ ಇದು ತಗ್ಗೂದಿಲ್ಲ."

ಗುರುಗಳು ನೀಲವ್ವನ ಕಿವಿಯಿಂದ ಮಷಿನ್ ಮೆಲ್ಲಗೆ ತೆಗೆದರು. "ಈ ಮಾತು ನನಗ ಅವತ್ತೇ ಬೇಕಿತ್ತು," ಎಂದರು, ಅಷ್ಟೇ.

ಏನು ನಡೆಯಿತೆಂದು ನೀಲವ್ವನಿಗೆ ತಿಳಿಯಲಿಲ್ಲ. ಶಶಿಕಲಾ ಅವಳ ಕಿವಿಯ ಹತ್ತಿರ ಬಾಯಿಟ್ಟು ಎಲ್ಲವನ್ನೂ ಜೋರಾಗಿ ಹೇಳಿದಳು.

"ಉಳಿದ ಕಿವೀನೂ ಹೋಗ್ತಿತ್ತೇನು?"

"ಹೋಗಬಹುದಿತ್ತ್ರಿ."

ನೀಲವ್ವ ಗುರುಗಳ ಕೈಯಿಂದ ಮಷಿನ್ ತೆಗೆದು ಅವಳ ಅಂಗೈಯಲ್ಲಿಟ್ಟಳು. "ಹಂಗಾರ ನೆಟ್ಟಗ ಮಾಡಿಕೊಂಡು ಬಾ. ಆದ್ರ ನೀನ ಬರಬೇಕು. ಬ್ಯಾರೇದವ್ರ ಕೈಯಾಗ ಕಳಸಬ್ಯಾಡ."

ಎರಡು ತಿಂಗಳು ಹಿಡಿಯಿತು. ಶಶಿಕಲಾ ಇಡೀ ಜೋಡಣೆಯನ್ನೇ ತಿರುವಿ ಹಾಕಿದಳು. ಈಗ ಸೆಲ್ ಎಷ್ಟೇ ಸವೆದರೂ ಬಲ ಇಳಿಸುವ ಭಾಗ ಎಚ್ಚರವಾಗಿಯೇ ಇರುತ್ತಿತ್ತು. ಬನಹಟ್ಟಿಗೆ ಬಂದವಳು ತೀರ ಸವೆದ ಸೆಲ್ ಹಾಕಿ, ಮೊದಲು ತನ್ನ ಕಿವಿಗೇ ಇಟ್ಟುಕೊಂಡು, ಓಡುವ ಮಗ್ಗಗಳ ನಡುವೆ ಹತ್ತು ನಿಮಿಷ ನಿಂತಳು. ಆಮೇಲೆ ನೀಲವ್ವನಿಗೆ ಕೊಟ್ಟಳು.

ಹದಿನಾರು ಮಗ್ಗಗಳು ಗಡಗಡಿಸಿದವು. ನೀಲವ್ವ ಕಣ್ಣು ಬಿಗಿಯಾಗಿ ಮುಚ್ಚಿದಳು, ನಿಧಾನವಾಗಿ ತೆರೆದಳು. ಮಗ್ಗಗಳು ನಿಂತವು. ಶೆಡ್ಡು ಮೌನವಾಯಿತು.

"ಹೊರಗ ಯಾರೋ ಸೈಕಲ್ ಗಂಟಿ ಬಾರಸಾಕತ್ತಾರ," ಎಂದಳು ನೀಲವ್ವ.

ನೀತಿ: ನಮ್ಮ ಕೆಲಸದ ಕೊರತೆ ಮೊದಲು ಕಾಣುವುದು ನಮ್ಮ ಕಣ್ಣಿಗೇ. ಇನ್ನೊಬ್ಬರಿಗೆ ಪೆಟ್ಟಾಗುವ ಮೊದಲು ಅದನ್ನು ಬಾಯಿಬಿಟ್ಟು ಹೇಳಬೇಕು. ಹೇಳಿದರೆ ಮಾನ ಹೋದರೂ ತಿದ್ದಿಕೊಳ್ಳಲು ದಾರಿ ಉಳಿಯುತ್ತದೆ.